ಕರೆಮ್ಮನ ಬಯಕೆ ಬುತ್ತಿ

ಮಾನವಿಯ ನಮ್ಮ ಓಣಿಯಲ್ಲಿ ಕರೆಮ್ಮನ ಬಾಯಿಗೆ ಹೆದರದವರಿರಲಿಲ್ಲ. ಕುರಿ ಕಾಯುವ ಮನೆತನ, ಕೂಗಿದರೆ ಅಡವಿಗೆ ಕೇಳಬೇಕು. ಎಪ್ಪತ್ತೆಂಟನೇ ಇಸವಿಯಲ್ಲಿ ಆಕೆಯೂ ಒಬ್ಬರ ಮುಂದೆ ಸೋತಳು, ಪಕ್ಕದ ಮನೆಯ ಬೂದೆಮ್ಮನ ಮುಂದೆ.

ಬೂದೆಮ್ಮನ ಸೊಸೆ ಮಾನಮ್ಮ ಬಸುರಿ. ಆಕೆಯ ಚೊಚ್ಚಲ ಕೂಸು ಬರೀ ಎಲುಬು ತೊಗಲಾಗಿ ಹುಟ್ಟಿ, ತಿಂಗಳು ತುಂಬುವ ಮೊದಲೇ ಹೋಗಿತ್ತು. ಆದರೂ ಅತ್ತೆ ಈಗಲೂ ಅರ್ಧ ರೊಟ್ಟಿಯ ಮೇಲೆ ಒಂದು ಚೂರೂ ಕೊಡಳು. ಹೊಟ್ಟೆ ತುಂಬ ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆಂಬ ಭಯ. ಆಕೆಯ ಸ್ವಂತ ಮಗಳು ಗೋಪಮ್ಮ ಹೆರಿಗೆಯಲ್ಲೇ ತೀರಿದ್ದಳು. ಹಟಕ್ಕೆ ಕಾರಣವಿತ್ತು ಅನ್ನಿ, ಆದರೂ ನನಗೆ ಮೈ ಉರಿಯುತ್ತಿತ್ತು.

“ಮೇವು ಹಾಕಿದ ಕುರಿ ಗಟ್ಟಿ ಮರಿ ಹಾಕ್ತದ. ನಿನ್ನ ಸೊಸಿ ಕುರಿಗಿಂತ ಕಡಿಮಿ ಏನಬೇ?” ಎಂದಳು ಕರೆಮ್ಮ.

“ನನ್ನ ಮನಿ, ನನ್ನ ಸೊಸಿ. ನೀ ನಿನ್ನ ಕುರಿ ನೋಡ್ಕೋ ಹೋಗು!” ಬೂದೆಮ್ಮ ಬಾಗಿಲು ಹಾಕಿಕೊಂಡಳು.

ಅಬ್ಬಾ, ಕರೆಮ್ಮನ ತಲೆಯೇ ತಲೆ! ಮರುದಿನ ಬುಟ್ಟಿ ಹೊತ್ತು, ಓಣಿಗೆಲ್ಲ ಕೇಳುವಂತೆ ಕೂಗಿದಳು: “ಬಯಕಿ ಬುತ್ತಿ ತಂದೀನ್ರೀ!” ಬಸುರಿಗೆಂದು ಬಂದ ಬುತ್ತಿಯನ್ನು ಹೊಸ್ತಿಲಿಂದ ತಿರುಗಿಸುವಂತಿಲ್ಲ, ತಂದವರ ಎದುರೇ ಆಕೆ ಉಣ್ಣಬೇಕು. ಬೂದೆಮ್ಮ ಹಲ್ಲು ಕಡಿಯುತ್ತ ಮಣೆ ಹಾಕಿದಳು. ಮರುದಿನ ಎದುರುಮನೆಯ ಇಮಾಮ್ ಬೀ ಕುದಿಸಿದ ಕೋಳಿತತ್ತಿ ತಂದಳು, ಆಮೇಲೆ ನಾನು ಶೇಂಗಾ ಹೋಳಿಗೆ. ಕರೆಮ್ಮ ಓಣಿಗೆಲ್ಲ ಸರದಿ ಹಚ್ಚಿಬಿಟ್ಟಿದ್ದಳು! ಮಾನಮ್ಮನ ಕೆನ್ನೆ ತುಂಬತೊಡಗಿದ್ದು ನೋಡಿ ನಮಗೆ ಹಬ್ಬವೇ ಹಬ್ಬ.

“ನನ್ನ ಗೋಪಿಗಾದಂಗ ಈಕಿಗೂ ಆತಂದ್ರ, ನಿನ್ನ ಬಾಗಿಲಿಗೇ ತಂದು ಮಲಗಸ್ತೀನಿ,” ಎಂದಳು ಬೂದೆಮ್ಮ. ಕರೆಮ್ಮ ನಕ್ಕಳು. ಆದರೆ ಮಾನಮ್ಮನಿಗೆ ಹೆರಿಗೆ ಬೇನೆ ಹತ್ತಿದ ದಿನ ಅದೇ ಕರೆಮ್ಮ ಕಟ್ಟೆಯ ಮೇಲೆ ಮುಖ ಸಣ್ಣದು ಮಾಡಿ ಕೂತಿದ್ದಳು.

ಮಧ್ಯಾಹ್ನಕ್ಕೆ ಕೂಸಿನ ಅಳು ಕೇಳಿತು. ಏನು ಗಂಟಲು ಅದು! ಸೂಲಗಿತ್ತಿ ಆದೆಮ್ಮ ಹೊರಗೆ ತಂದು ತೋರಿಸಿದಳು: “ತೊಡಿ ನೋಡ್ರೀ, ಹೆಂಗ ಮಡಿಕಿ ಬಿದ್ದಾವ!”

“ತಾಯಿ?” ಎಂದಳು ಬೂದೆಮ್ಮ.

“ಎದ್ದು ಕುಂತು ಹಸಿವು ಹಸಿವು ಅನ್ನಾಕತ್ತಾಳ.”

ನಾವೆಲ್ಲ ಹೋ ಎಂದು ಕೂಗಿ ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಬೂದೆಮ್ಮ ಮಾತ್ರ ಕೂಸಿನ ತುಂಬಿದ ತೊಡೆಯನ್ನು ಒತ್ತಿ ಒತ್ತಿ ನೋಡುತ್ತ ಅಲ್ಲೇ ಕುಸಿದು ಕೂತಳು.

“ನನ್ನ ಗೋಪಿ ಬಸುರಿದ್ದಾಗ, ‘ಯವ್ವಾ, ಇನ್ನೊಂದು ರೊಟ್ಟಿ ಕೊಡು’ ಅಂತ ಸೆರಗು ಹಿಡಕೊಂಡು ಕೇಳಿತ್ತು. ನಾನೇ ಕೊಡಲಿಲ್ಲ, ಕರೆಮ್ಮಾ.”