ಖುರ್ಚಿಯ ಮೇಲೆ ಊದಿದ ಉಸಿರು

ಒಬ್ಬ ಮನುಷ್ಯನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಲು ನಿಮಗೆ ಎಷ್ಟು ಉಸಿರು ಬೇಕು?

ಇಂಗ್ಲಿಷಿನಲ್ಲಿ ಒರಟು ನಿರಾಕರಣೆಗೆ ‘ರಿಬಫ್’ ಎಂಬ ಪದವಿದೆ. ಛತ್ರಪತಿ ಸಂಭಾಜಿನಗರದ ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗಳಿಗೆ ಅಣಿಗೊಳಿಸುತ್ತಿದ್ದ ಪ್ರಾಧ್ಯಾಪಕರು ಅದರ ಮೂಲವನ್ನು ತಿಳಿಸಿದ್ದರು. ಇಟಲಿಯ ಭಾಷೆಯಲ್ಲಿ ‘ಬುಫ್ಫೊ’ ಎಂದರೆ ರಭಸದಿಂದ ಬೀಸಿದ ಗಾಳಿ, ಒಂದು ಊದು. ‘ರಿ’ ಎಂದರೆ ಮರಳಿ. ಬಂದವನ ಮುಖಕ್ಕೆ ತಿರುಗಿ ಊದಿದ ಆ ಗಾಳಿ ಫ್ರೆಂಚರ ಬಾಯಿ ಹಾದು ಇಂಗ್ಲಿಷರ ನಿಘಂಟು ಸೇರಿತು. ಅವರು ಕೆನ್ನೆಯುಬ್ಬಿಸಿ ಊದಿ ತೋರಿಸಿದಾಗ ನಾವೆಲ್ಲ ನಕ್ಕಿದ್ದೆವು. ವಾದದಿಂದ ಲೋಕವನ್ನು ತಿದ್ದಬಹುದೆಂದು ನಂಬಿದ್ದ ವಯಸ್ಸು. ಇಂದಿಗೂ ನಾನು ಹಾಗೆಯೇ ನಂಬುತ್ತೇನೆ.

ಕಳೆದ ಬೇಸಿಗೆಯಲ್ಲಿ ನಾಸಿಕದ ನಮ್ಮ ಹೌಸಿಂಗ್ ಸೊಸೈಟಿಯ ಪಕ್ಕ ಹೊಸ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಯಾದಗಿರಿ ಕಡೆಯ ಹೆಂಗಸೊಬ್ಬಳು ತನ್ನ ಕೂಸನ್ನು ಸಿಮೆಂಟ್ ಚೀಲಗಳ ಮರೆಯಲ್ಲಿ ಮಲಗಿಸುತ್ತಿದ್ದಳು. ಧೂಳಿಗೆ ಅದು ಉಸಿರು ಕಟ್ಟುವಂತೆ ಕೆಮ್ಮುತ್ತಿತ್ತು. ಹಗಲೆಲ್ಲ ಬೀಗ ಹಾಕಿರುತ್ತಿದ್ದ ಸೊಸೈಟಿ ಹಾಲ್‌ನಲ್ಲಿ ಕೂಸಿಗೊಂದು ಮೂಲೆ ಕೇಳಲೆಂದು ನಾನು ತಾಯಿ-ಮಗುವನ್ನು ಸಮಿತಿಯ ಸಭೆಗೆ ಕರೆದೊಯ್ದು, ಖುರ್ಚಿಯಲ್ಲಿ ಕೂರಿಸಿದೆ.

ಕಾರ್ಯದರ್ಶಿ ಧಾರವಾಡದವರು; ಸಿನ್ನರ್‌ನ ಕಾರ್ಖಾನೆಯೊಂದರಿಂದ ನಿವೃತ್ತರಾದ ಇಂಜಿನಿಯರ್. ಅವರು ನನ್ನೊಡನೆ ಆಡಿದ ಕನ್ನಡ ಕೇಳಿ ಅವಳ ಮುಖ ಅರಳಿತು.

“ಯಪ್ಪಾ, ನೀವು ನಮ್ಮ ಕಡಿಯವ್ರ ಅದೀರಿ! ಒಂದ್ ಮೂಲ್ಯಾಗ ಮಲಗಸ್ತೀನ್ರಿ. ಇದು ಅಳಂಗಿಲ್ರಿ.”

“ನಮ್ಮ ಕಡಿಯವ್ರು ಅಂದ್ರ ನನ್ನ ತಲಿ ಮ್ಯಾಲ ತೊಟ್ಲಾ ಕಟ್ತೀಯೇನವಾ? ಇವತ್ತ ಕೂಸು, ನಾಳೆ ಅದರ ಖಾನದಾನ!” ಎಂದ ಅವರು ಉಳಿದ ಸದಸ್ಯರತ್ತ ತಿರುಗಿ ಮರಾಠಿಯಲ್ಲಿ, “ಹಾಲ್ ಆಹೇ ಕೀ ಧರ್ಮಶಾಲಾ?” ಎಂದು, ಇದು ಹಾಲೋ ಧರ್ಮಛತ್ರವೋ ಎಂದು ಕೇಳಿದರು. ಎಲ್ಲರೂ ನಕ್ಕರು.

ನಾನು ಎದ್ದು ನಿಂತು ವಾದಿಸಿದೆ. ಹಾಲ್ ಖಾಲಿಯಿದೆ, ಸ್ವಚ್ಛತೆ ನನ್ನ ಹೊಣೆ, ಒಂದು ಜೀವದ ಪ್ರಶ್ನೆ ಎಂದೆ.

“ಭಾಷಣಾ ಭಾಳ ಛಲೋ ಆತ್ರಿ ಮೇಡಂ. ಬಹುಮಾನದ ಕಪ್ ತರಸೂಣೇನು?” ಎಂದರು ಕಾರ್ಯದರ್ಶಿ.

ಅವಳು ಕೂಸನ್ನೆತ್ತಿಕೊಂಡು ಎದ್ದಳು. ಖುರ್ಚಿಯ ಮೇಲೆ ಅವಳ ಸೀರೆಯಿಂದ ಉದುರಿದ ಸಿಮೆಂಟಿನ ಬೂದು ಪುಡಿ ಉಳಿದಿತ್ತು. ಕಾರ್ಯದರ್ಶಿ ಬಗ್ಗಿ, ಕೆನ್ನೆಯುಬ್ಬಿಸಿ, ಉಫ್ ಎಂದು ಊದಿದರು. ಪುಡಿ ಹಾರಿ ಅವಳ ಕಂಕುಳಲ್ಲಿದ್ದ ಕೂಸಿನ ಮುಖಕ್ಕೆ ಬಡಿಯಿತು. ಅದು ಕೆಮ್ಮಿತು, ಚೀರಿತು.

“ಅಳಂಗಿಲ್ಲ ಅಂದಿದ್ದೀಯಲ್ಲವಾ?” ಎಂದರು ಅವರು, ಖುರ್ಚಿಯಲ್ಲಿ ಕೂರುತ್ತ.

ಮರುದಿನ ಕೂಸು ಮತ್ತೆ ಚೀಲಗಳ ಮರೆಯಲ್ಲಿತ್ತು. ನಾನು ಹತ್ತಿರ ಹೋದೆ. “ಹೋಗ್ರಿ ಅಕ್ಕಾರ, ಕೆಲಸಾ ಮಾಡಸೋ ಮುಕಾದಮ ಬೈತಾನ,” ಎಂದು ಅವಳು ಇಟ್ಟಿಗೆ ಹೊತ್ತು ನಡೆದಳು. ಮಳೆಗಾಲ ಬರುವ ಮೊದಲೇ ಕೂಸು ತೀರಿಕೊಂಡಿತು. ಆ ವಾರ ಸಮಿತಿ ಹಾಲ್‌ಗೆ ಹೊಸ ಪರದೆಗಳನ್ನು ಹಾಕಿಸಿತು.

ನಿಮ್ಮ ಸೊಸೈಟಿಯಲ್ಲೂ ಹಗಲು ಬೀಗ ಬಿದ್ದ ಹಾಲ್ ಇರಬಹುದು. ಪಕ್ಕದಲ್ಲಿ ಕಟ್ಟಡವೂ ಏಳುತ್ತಿರಬಹುದು. ಮುಂದಿನ ಸಭೆಯಲ್ಲಿ ದಯವಿಟ್ಟು ಕೈಯೆತ್ತಿ, ಅಲ್ಲಿಯ ಕೂಲಿಕಾರರ ಕೂಸುಗಳಿಗೆ ಆ ಬಾಗಿಲು ತೆರೆಸಿ.