ಫ್ರಿಜ್ಜಿನ ಹಿಂದಿನ ಮೂರು ಬಣ್ಣ

ಮದುವೆಯಾಗಿ ಬಹ್ರೈನಿಗೆ ಹೋದ ಮೂರನೆಯ ದಿನ ಸಂಜೆ ನನ್ನ ಗಂಡ ಆಫೀಸಿನಿಂದ ಬಂದವರು, ಶೂ ಕೂಡ ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇವತ್ತೂ ಇಲ್ಲ" ಎಂದರು. ನಾನು ಏನನ್ನೂ ಕೇಳಿರಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದವಳು ತಿರುಗಿ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಗ್ಯಾಸ್ ಒಲೆಯ ಮುಂದಿನ ಖಾಲಿ ಜಾಗವನ್ನು ನೋಡುತ್ತಿದ್ದರು. ಏನು ಇಲ್ಲ ಎಂದು ಕೇಳಿದೆ. ಬೆಚ್ಚಿಬಿದ್ದವರಂತೆ, ಬಾಯಿತಪ್ಪಿ ಬಂತು ಎಂದು ಹೇಳಿ ಮುಖ ತೊಳೆಯಲು ಹೋದರು.

ಅದಕ್ಕೆ ಮೊದಲು ಅವರು ನನ್ನ ಅಕ್ಕನ ಗಂಡ. ಅಕ್ಕ ಅದೇ ಮನೆಯಲ್ಲಿ, ಮಾಹೂಝ್ ಎಂಬ ಬಡಾವಣೆಯ ಒಂದು ಕಟ್ಟಡದ ಎರಡನೇ ಮಾಳಿಗೆಯಲ್ಲಿ, ನಾಲ್ಕು ವರ್ಷ ಸಂಸಾರ ಮಾಡಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಹೆಣ್ಣುಮಗು ಉಳಿಯಿತು. ಎರಡು ತಿಂಗಳ ಕೂಸನ್ನು ಅವರು ಊರಿಗೆ ತಂದು ಅಮ್ಮನ ಮಡಿಲಿಗೆ ಹಾಕಿದರು; ಅದು ಅಮ್ಮನ ಮಡಿಲಿನಿಂದ ನನ್ನ ಸೊಂಟಕ್ಕೆ ಬಂದು ಅಲ್ಲಿಯೇ ಅಂಟಿಕೊಂಡಿತು. ಮಾತು ಬಂದಾಗ ನನ್ನನ್ನೇ ಅಮ್ಮ ಎಂದಿತು. ಹಿರಿಯರಿಗೆ ಅಷ್ಟು ಸಾಕಾಯಿತು. ಯಾರೋ ಮಲತಾಯಿ ಬರುವ ಬದಲು ಚಿಕ್ಕಮ್ಮನೇ ಇರಲಿ ಎಂದರು, ನಮ್ಮ ಕಡೆ ಇದು ಹೊಸತೂ ಅಲ್ಲ. ಮೊದಲೆಲ್ಲ ಭಾವ ಎಂದು ಕರೆಯುತ್ತಿದ್ದವರನ್ನು ಮದುವೆಯಾದ ಮೇಲೆ ಏನೆಂದು ಕರೆಯಬೇಕೋ ತಿಳಿಯದೆ, ನಾನು ಬಹಳ ಕಾಲ ಏನೆಂದೂ ಕರೆಯಲಿಲ್ಲ. ಕಾಫಿ ಆಗಿದೆ ಎಂದು ತಿಳಿಸಲು ಲೋಟ ಕುಕ್ಕುತ್ತಿದ್ದೆ.

ಆ ಮದುವೆಗೆ ನಾನು ಹ್ಞೂಂ ಎಂದದ್ದು ಮಗುವಿನ ಮೋಹದಿಂದ ಎಂದು ಎಲ್ಲರೂ ಹೊಗಳಿದರು. ಮೋಹ ಇತ್ತು, ಸುಳ್ಳಲ್ಲ. ಆದರೆ ಇನ್ನೊಂದು ಕಾರಣ ನನ್ನ ಟ್ರಂಕಿನ ತಳದಲ್ಲಿ, ಹಾಸಿದ ಪೇಪರಿನ ಕೆಳಗೆ ಇತ್ತು. ಅದು ಅಕ್ಕನ ಒಂದು ಕಾಗದ.

ಅಕ್ಕ ಏಳು ತಿಂಗಳ ಬಸುರಿಯಾಗಿದ್ದಾಗ ನನ್ನ ಹೆಸರಿಗೆ ಬರೆದದ್ದು. ಚೊಚ್ಚಲು ತವರಿನಲ್ಲಿ ಆಗಬೇಕಿತ್ತು, ಆದರೆ ವಿಮಾನದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಬಾಣಂತನಕ್ಕೆ ನಾನೇ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. ಲಕೋಟೆ ಒಡೆದ ಕೂಡಲೇ ಬಣ್ಣದ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಶರ್ಟಿನ ಡಬ್ಬಿಯ ರಟ್ಟಿನಿಂದ ಕತ್ತರಿಸಿದ ಮೂರು ತುಂಡುಗಳು ಒಳಗಿದ್ದವು, ಮೂರಕ್ಕೂ ಒಂದೊಂದು ಬಣ್ಣ. ಅಡುಗೆಮನೆಯ ಗೋಡೆ ಒಗ್ಗರಣೆಯ ಹೊಗೆಗೆ ಕಂದಿಹೋಗಿದೆ, ಪೈಂಟರು ಫ್ರಿಜ್ಜಿನ ಹಿಂದೆ ಮೂರು ಬಣ್ಣ ಬಳಿದು ತೋರಿಸಿದ್ದಾರೆ, ಜಿಡ್ಡು ಹಿಡಿಯದ ಜಾಗ ಅದೊಂದೇ ಅಂತೆ, ಅಲ್ಲಿಯೇ ಬಣ್ಣ ಇದ್ದ ಹಾಗೆ ಕಾಣುವುದಂತೆ ಎಂದು ಬರೆದಿದ್ದಳು. ಒಂದನೆಯದು ಎಳೆ ಬಾಳೆಲೆಯ ಹಸಿರು, ಎರಡನೆಯದು ಹಳದಿ, ಮೂರನೆಯದು ನೀಲಿ. "ನಾನು ಮಲಗಿರುವಾಗ ಆ ಅಡುಗೆಮನೆಯಲ್ಲಿ ನಿಲ್ಲುವವಳು ನೀನು. ನೀನು ಹೇಳಿದ್ದೇ ಬಣ್ಣ. ಬೇಗ ಬರಿ." ಕೆಳಗೆ ಇನ್ನೊಂದು ಸಾಲು: ವಾಚು ತೆಗೆದಿಟ್ಟಿದ್ದೇನೆ, ನೀನು ಬಂದಾಗ ನಾನೇ ಕೈಗೆ ಕಟ್ಟುತ್ತೇನೆ.

ಆ ವಾಚಿನ ವಿಷಯದಲ್ಲೇ ನಾನು ಮುಖ ಊದಿಸಿಕೊಂಡಿದ್ದೆ. ಪರೀಕ್ಷೆ ಪಾಸಾದರೆ ವಾಚು ಕಳಿಸುತ್ತೇನೆ ಎಂದವಳು, ಊರಿಗೆ ಬಂದವರೊಬ್ಬರ ಕೈಯಲ್ಲಿ ಒಂದು ನೈಲಾನ್ ಸೀರೆ ಮತ್ತು ಸೆಂಟಿನ ಬಾಟಲಿ ಕೊಟ್ಟು ಕಳಿಸಿದ್ದಳು. ಗೆಳತಿಯರಿಗೆಲ್ಲ ಮೊದಲೇ ಡಂಗುರ ಸಾರಿ ಆಗಿತ್ತು. ಈಗ ಈ ಕಾಗದ ಓದಿ ನನಗೆ ಸಿಟ್ಟು ಇಳಿಯುವುದರ ಬದಲು ಏರಿತು. ಬಾಣಂತನ ಮಾಡಿಸಿಕೊಳ್ಳಲಿಕ್ಕೆ ವಾಚಿನ ಆಸೆ ತೋರಿಸುತ್ತಾಳೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಹಳದಿ ರಟ್ಟನ್ನು ಕೈಯಲ್ಲಿ ಹಿಡಿದೇ ಬೈದದ್ದು. ಅದು ನೋಡಿದ ಕೂಡಲೇ ಇಷ್ಟವಾಗಿತ್ತು.

ಅಮ್ಮನಿಗೆ ಓದು ಬರುತ್ತಿರಲಿಲ್ಲ, ಅವಳ ಕಾಗದಗಳನ್ನೆಲ್ಲ ನಾನೇ ಬರೆಯುವುದು. ಆ ತಿಂಗಳು ಅಮ್ಮ ಹೇಳಿದ ಅಷ್ಟನ್ನೂ ಬರೆದೆ, ಕಷಾಯದ ಸಾಮಾನುಗಳ ಹೆಸರನ್ನೂ ಬಿಡಲಿಲ್ಲ. ಕೊನೆಯಲ್ಲಿ ನನ್ನ ಎರಡು ಸಾಲು ಸೇರಿಸುವ ಜಾಗವನ್ನು ಮಾತ್ರ ಬೇಕೆಂದೇ ಖಾಲಿ ಬಿಟ್ಟೆ. ಸ್ವಲ್ಪ ದಿನ ಕಾಯಲಿ, ಬುದ್ಧಿ ಬರಲಿ ಎಂದುಕೊಂಡೆ. ನನಗೆ ವೀಸಾ ಬರುವ ಮೊದಲೇ ಹೆರಿಗೆಯಾಯಿತು, ಟೆಲಿಗ್ರಾಂ ಬಂತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗನ್ನಲ್ಲ.

ಬಾಯಿತಪ್ಪಿ ಬಂದ ಆ "ಇಲ್ಲ" ಮತ್ತೂ ಎರಡು ಸಲ ಬಂತು. ಮೂರನೆಯ ಸಲ ಅವರು ಬಾಗಿಲಿಗೆ ಒರಗಿ ತಾವಾಗಿಯೇ ಹೇಳಿದರು. ಅಲ್ಲಿ ಪೋಸ್ಟ್‌ಮ್ಯಾನ್ ಮನೆಗೆ ಬರುವ ಪದ್ಧತಿ ಇರಲಿಲ್ಲ. ಕಾಗದಗಳು ಕಂಪೆನಿಯ ಪೋಸ್ಟ್ ಬಾಕ್ಸಿಗೆ ಬರುತ್ತಿದ್ದವು, ಅಲ್ಲಿಂದ ಅವರ ಮೇಜಿಗೆ, ಮೇಜಿನಿಂದ ಮನೆಗೆ. ಅಕ್ಕ ಯಾವುದೋ ಬಣ್ಣ ಕೇಳಿ ನನಗೆ ಬರೆದಿದ್ದಳಂತೆ. ದಿನಾ ಸಂಜೆ ಒಲೆಯ ಮುಂದಿನಿಂದ ತಿರುಗಿ ಅವರ ಕೈ ನೋಡುತ್ತಿದ್ದಳಂತೆ, ಅವರು ಇವತ್ತೂ ಇಲ್ಲ ಎನ್ನುತ್ತಿದ್ದರಂತೆ. ಅಮ್ಮನ ಕಾಗದ ಬಂತು, ನನ್ನದು ಬರಲಿಲ್ಲ. ತಂಗಿ ಬೇರೆ ಕಾಗದದಲ್ಲಿ ಉದ್ದಕ್ಕೆ ಬರೆದಿರುತ್ತಾಳೆ, ನೀವೇ ಆಫೀಸಿನ ಫೈಲುಗಳ ನಡುವೆ ಎಲ್ಲಿಯೋ ಬಿಟ್ಟಿರಿ ಎಂದು ಅವಳ ವಾದ. ಅವರು ಡ್ರಾಯರುಗಳನ್ನೆಲ್ಲ ಮಗುಚಿ ಹುಡುಕಿದ್ದರು.

"ಆಸ್ಪತ್ರೆಗೆ ಹೋಗುವ ಟ್ಯಾಕ್ಸಿಯಲ್ಲೂ ಅದೇ ಮಾತು. ಸರಿ ನೆನಪು ಮಾಡಿ, ಎಲ್ಲಿ ಬಿಟ್ರಿ ಅಂತ. ಮತ್ತೆ ಅವಳ ಹತ್ತಿರ ಮಾತಾಡ್ಲಿಕ್ಕೇ ಆಗ್ಲಿಲ್ಲ" ಎಂದರು. ಆಮೇಲೆ ನನ್ನನ್ನು ಕೇಳಿದರು: "ನೀನು ಬರೆದಿದ್ದೆ ಅಲ್ವಾ?"

ನಾನು ಬರೆದಿದ್ದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅಕ್ಕನ ಕಾಗದವೇ ನನ್ನ ಕೈಗೆ ತಲುಪಿರಲಿಲ್ಲ ಎಂದುಬಿಟ್ಟೆ. ಅದಾದರೆ ತಪ್ಪು ಅಂಚೆಯವರದ್ದಾಗುತ್ತದೆ, ಯಾರಿಗೂ ನೋವಿಲ್ಲ ಎಂದು ಆ ಕ್ಷಣಕ್ಕೆ ತೋಚಿತು. ಆ ಕಾಗದವನ್ನು ಪೋಸ್ಟಿಗೆ ಹಾಕಲು ಅಕ್ಕ ಕೊಟ್ಟದ್ದೂ ಅವರ ಕೈಯಲ್ಲೇ ಎಂಬುದು ನನಗೆ ಗೊತ್ತಿರಲಿಲ್ಲ.

ಹೀಗೆ ನನ್ನ ಸುಳ್ಳು ಅವರ ಹೊರೆಗೆ ಇನ್ನೊಂದು ಕಲ್ಲು ಹೇರಿತು. ಅಂದಿನಿಂದ ಅವರು ಹಳೆಯ ಕೋಟಿನ ಜೇಬುಗಳಿಗೂ ಕೈಹಾಕಿ ನೋಡುವುದನ್ನು ಕಂಡೆ. ನಾನಾದರೋ ಆ ಅಡುಗೆಮನೆಯಲ್ಲಿ ಒಬ್ಬಳೇ ಇದ್ದೇನೆ ಎಂದು ಒಂದು ದಿನವೂ ಅನ್ನಿಸಲಿಲ್ಲ. ಡಬ್ಬಿಗಳ ಮೇಲೆ ಅಕ್ಕನ ಕೈಬರಹದ ಚೀಟಿಗಳಿದ್ದವು. ಅವಳು ತೆಗೆದಿಟ್ಟ ವಾಚನ್ನು ಅವರು ಮೊದಲ ದಿನವೇ ಕೊಟ್ಟಿದ್ದರು. ಬೆಳಿಗ್ಗೆ ಅದಕ್ಕೆ ಕೀ ಕೊಟ್ಟು ನಾನೇ ಕೈಗೆ ಕಟ್ಟಿಕೊಳ್ಳುತ್ತಿದ್ದೆ. ಮಧ್ಯಾಹ್ನ ಮಗು ಮಲಗಿದ ಮೇಲೆ ಫ್ರಿಜ್ಜಿನ ಗುರ್ ಎನ್ನುವ ಸದ್ದು ಒಮ್ಮೆಗೇ ನಿಲ್ಲುತ್ತಿತ್ತು. ಆಗ ನನಗೆ ಹೆದರಿಕೆ. ಯಾರೋ ಅದರ ಹಿಂದಿನಿಂದ ಕಿವಿಗೊಟ್ಟು ಕೇಳುತ್ತಿದ್ದಾರೆ, ಉತ್ತರ ಬರಲಿ ಎಂದು ನಿಂತಿದ್ದಾರೆ ಅನ್ನಿಸುತ್ತಿತ್ತು. ಪಾತ್ರೆ ಬಡಿದು ನಾನೇ ಸದ್ದು ಮಾಡುತ್ತಿದ್ದೆ. ಕಸ ಗುಡಿಸುವಾಗಲೂ ಫ್ರಿಜ್ಜಿನ ಹಿಂದಕ್ಕೆ ಇಣುಕಿದವಳಲ್ಲ.

ಐದಾರು ತಿಂಗಳು ಕಳೆದ ಮೇಲೆ ಆ ಪೈಂಟರೇ ಮಗುವನ್ನು ನೋಡಲು ಬಂದರು. ನಮ್ಮ ಊರಿನ ಕಡೆಯವರು, ಒಂದು ಕಂಪೆನಿಯಲ್ಲಿ ಕೆಲಸ, ಶುಕ್ರವಾರ ರಜೆಯಲ್ಲಿ ಗುರುತಿನವರ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದರು. ಅಡುಗೆಮನೆಯ ಗೋಡೆ ನೋಡಿ, ಇದು ಇನ್ನೂ ಹಾಗೇ ಉಂಟಲ್ಲ ಎಂದರು. ಮನೆಯ ಅರಬಿ ಯಜಮಾನನ ಒಪ್ಪಿಗೆ ಅಕ್ಕನ ಕಾಲದಲ್ಲೇ ಸಿಕ್ಕಿತ್ತು. ನನ್ನ ಗಂಡ ನನ್ನ ಕಡೆ ತಿರುಗಿ, ಹೊಡೆಸುವ, ಬಣ್ಣ ನೀನೇ ಹೇಳು ಎಂದರು. ನೋಡುವ ಎಂದು ಜಾರಿಕೊಂಡೆ.

ಮುಂದಿನ ಶುಕ್ರವಾರ ಪೈಂಟರು ಬಂದು ಗೋಡೆಯನ್ನು ಸಾಬೂನು ನೀರಿನಿಂದ ಉಜ್ಜಿದರು, ಜಿಡ್ಡು ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲವಂತೆ. ಮಗುವನ್ನು ಪಕ್ಕದ ಮನೆಯ ನರ್ಸಮ್ಮನಲ್ಲಿ ಬಿಟ್ಟಿದ್ದೆ. ಕೊನೆಗೆ ಫ್ರಿಜ್ಜನ್ನು ಸರಿಸಲು ಅವರೊಂದು ಬದಿ, ನನ್ನ ಗಂಡ ಇನ್ನೊಂದು ಬದಿ ಹಿಡಿದರು. ಎಳೆಯುವ ಮೊದಲು ಪೈಂಟರು, ಈಗ ಅಂಗಡಿಯಲ್ಲಿ ಹೊಸ ಹೊಸ ಬಣ್ಣ ಬಂದಿದೆ, ಕಾರ್ಡು ತಂದು ತೋರಿಸಲಾ ಎಂದು ಕೇಳಿದರು.

"ಕಾರ್ಡೆಲ್ಲ ಬೇಡ. ಎರಡನೇದೇ ಆಗಲಿ, ಹಳದಿ" ಎಂದೆ.

ಮೂರು ವರ್ಷ ನಾಲಿಗೆಯ ತುದಿಯಲ್ಲಿ ಕೂತಿದ್ದ ಮಾತು, ಕೇಳಿದ್ದೇ ತಡ ಹೊರಗೆ ಬಿತ್ತು. ಬಿದ್ದ ಮೇಲೆ ನನಗೆ ಗೊತ್ತಾಯಿತು. ಫ್ರಿಜ್ಜಿನ ಹಿಂದೆ ಎಷ್ಟು ಬಣ್ಣ ಇದೆ, ಯಾವ ಬಣ್ಣ, ಯಾವುದು ಮೊದಲು ಯಾವುದು ಎರಡು ಎಂದು ಆ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನನ್ನ ಗಂಡನ ಕೈ ಫ್ರಿಜ್ಜಿನ ಮೇಲೆ ಹಾಗೆಯೇ ನಿಂತಿತು. ನನ್ನನ್ನೇ ನೋಡಿದರು. ಪೈಂಟರಿಗೆ ಏನೂ ಅರ್ಥವಾಗದೆ, ಹಿಡೀರಿ ಸಾರ್ ಎಂದರು. ಫ್ರಿಜ್ಜು ಸರಿಯಿತು. ಅಂಗೈಯಗಲದ ಮೂರು ಚೌಕಗಳು ಸಾಲಾಗಿ ಇದ್ದವು, ಪ್ರತಿಯೊಂದರ ಕೆಳಗೆ ಅಕ್ಕನ ಪೆನ್ಸಿಲಿನ ಅಂಕೆ. ಎರಡನೆಯದು ಹಳದಿ.

"ಈ ಜಾಗ ಮಾತ್ರ ಬಿಟ್ಟುಬಿಡಿ" ಎಂದು ಪೈಂಟರಿಗೆ ಹೇಳಿ ಅವರು ಹೊರಗಿನ ಕೋಣೆಗೆ ಹೋದರು.

ಪೈಂಟರು ಹಳದಿ ತಂದು ದಿನವಿಡೀ ಹೊಡೆದರು. ಆ ಲಕೋಟೆಯಿಂದ ಬಂದ ಅದೇ ವಾಸನೆ ಮನೆಯೆಲ್ಲ ತುಂಬಿತು. ನಾನು ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಾ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಾ, ಊರಿಗೆ ವಾಪಸು ಕಳಿಸಿದರೆ ಅಮ್ಮನಿಗೆ ಏನು ಹೇಳುವುದು, ಮಗು ಯಾರ ಹತ್ತಿರ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಮಗುವನ್ನು ಬಿಟ್ಟು ಬದುಕಲಾರೆ ಎಂದು ಅಂದೇ ಸ್ಪಷ್ಟವಾಗಿ ತಿಳಿದದ್ದು. ಮಸೀದಿಯಲ್ಲಿ ಸಂಜೆಯ ಬಾಂಗ್ ಆಗುವ ಹೊತ್ತಿಗೆ ಪೈಂಟರು ಕುಂಚ ತೊಳೆದು ಹೊರಟರು.

ನನ್ನ ಗಂಡ ಒಳಗೆ ಬಂದು, "ಕಾಗದ ನಿನಗೆ ಸಿಕ್ಕಿತ್ತು" ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ನಾನು ಟ್ರಂಕಿನ ತಳದಿಂದ ಅದನ್ನು ತಂದು ಕೈಗೆ ಕೊಟ್ಟೆ. ಅಡುಗೆಮನೆಯ ಮಣೆಯ ಮೇಲೆ ಕೂತು ಮೊದಲು ಆ ಮೂರು ರಟ್ಟುಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು, ಆಮೇಲೆ ಓದಿದರು, ಮತ್ತೊಮ್ಮೆ ಓದಿದರು.

"ಯಾವಾಗ ಸಿಕ್ಕಿದ್ದು?"

"ಅವಳು ಬರೆದು ಹದಿನೈದು ದಿವಸದಲ್ಲಿ. ನಾನೇ ಉತ್ತರ ಬರೀಲಿಲ್ಲ. ವಾಚು ಕಳಿಸ್ಲಿಲ್ಲ ಅಂತ ಸಿಟ್ಟಿತ್ತು."

ಹೊಡೆಯಬಹುದು ಎಂದುಕೊಂಡಿದ್ದೆ. ಹೊಡೆಯಲಿ ಎಂದೂ ಇತ್ತು. ಅವರು ಕಾಗದವನ್ನು ಹಳೆಯ ಮಡಿಕೆಗಳಿಗೆ ಸರಿಯಾಗಿ ಮಡಚಿದರು.

"ಹಾಗಾದ್ರೆ ನಾನು ಕಳೆದು ಹಾಕಿದ್ದಲ್ಲ" ಎಂದರು. ಮತ್ತೆ ಅದನ್ನೇ ಹೇಳಿದರು. ಆಮೇಲೆ ಮುಖಕ್ಕೆ ಎರಡೂ ಕೈ ಹಿಡಿದು ಅತ್ತರು. ಅಳು ನಿಂತ ಮೇಲೆ ಹಸಿವಾಗುತ್ತದೆ ಎಂದರು. ಆ ರಾತ್ರಿ ಅವರು ಮೂರು ಸಲ ಅನ್ನ ಹಾಕಿಸಿಕೊಂಡು ಉಂಡರು. ನಾನು ಬಡಿಸಿದೆ. ಬೈದಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆನೋ ಏನೋ.

ಬಾಗಿಲಲ್ಲಿ ನಿಂತು "ಇಲ್ಲ" ಎನ್ನುವುದು ಅಂದಿಗೆ ನಿಂತಿತು. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ, ಹಂಗಿಸಲೂ ಇಲ್ಲ. ಆದರೆ ಆ ಮನೆಯಲ್ಲಿ ನಾವಿದ್ದ ಮುಂದಿನ ಒಂಬತ್ತು ವರ್ಷ, ಊರಿನಿಂದ ಕಾಗದ ಬಂದ ದಿನಗಳಲ್ಲೆಲ್ಲ ಅವರು ನೇರ ಆ ಹಳದಿ ಅಡುಗೆಮನೆಗೆ ಬರುತ್ತಿದ್ದರು. ನಾನು ಒದ್ದೆ ಕೈ ಸೆರಗಿಗೆ ಒರೆಸಿ ಕಾಗದ ಓದುವವರೆಗೆ ಕಾದು, ಒಲೆ ಆರಿಸಿ, ಬರೆಯುವ ಹಾಳೆ ಮತ್ತು ಪೆನ್ನು ನನ್ನ ಮುಂದೆ ಇಡುತ್ತಿದ್ದರು. ಅನ್ನ ಅರ್ಧ ಬೆಂದಿದೆ, ಆಮೇಲೆ ಬರೆಯುತ್ತೇನೆ ಎಂದರೆ ಕೇಳುತ್ತಿರಲಿಲ್ಲ.

"ಈಗಲೇ ಬರಿ, ನಾನು ನಿಲ್ತೇನೆ" ಎಂದು ಫ್ರಿಜ್ಜಿಗೆ ಬೆನ್ನು ಕೊಟ್ಟು, ನಾನು ಬರೆದು ಮುಗಿಸುವವರೆಗೂ ಅಲ್ಲೇ ನಿಂತಿರುತ್ತಿದ್ದರು.