ಗುಡ್, ವೆಲ್ ಮತ್ತು ಒಂದು ಸುಳ್ಳು ವಾದ

ಐವತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಕೃಷ್ಣರಾಜನಗರದ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಚಿಕ್ಕಮ್ಮನೂ ಆ ವರ್ಷ ಪರೀಕ್ಷೆಗೆ ಓದುತ್ತಿದ್ದರು. ಮದುವೆಯಿಂದ ನಿಂತುಹೋಗಿದ್ದ ಓದನ್ನು ಮನೆಯಲ್ಲೇ ಮುಂದುವರಿಸಿ ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಿದ್ದರು. ಪಾಸಾದರೆ ಮೇಷ್ಟ್ರ ಟ್ರೈನಿಂಗಿಗೆ ಅರ್ಜಿ ಹಾಕಬಹುದು. ಹಿಂದಿನ ಸಲ ಉಳಿದದ್ದನ್ನೆಲ್ಲ ದಾಟಿ ಇಂಗ್ಲಿಷಿನಲ್ಲಿ ಮುಗ್ಗರಿಸಿದ್ದರು. ಚಿಕ್ಕಪ್ಪ ಸಿಡುಕಿನವರಲ್ಲ. ಆದರೆ ನಾಟಿ ಕುಯ್ಲಿನ ಮನೆಯ ಹೆಂಗಸು ಪುಸ್ತಕ ಹಿಡಿದು ಕೂತರೆ ನೆರೆಯವರು ಆಡಿಕೊಳ್ಳುವುದು ಅವರ ಕಿವಿಗೂ ಬೀಳುತ್ತಿತ್ತು. ಇದೊಂದು ಸಲ ನೋಡು, ಆಮೇಲೆ ಸಾಕು ಎಂದುಬಿಟ್ಟಿದ್ದರು.

ಇಂಗ್ಲಿಷ್ ಹೇಳಿಕೊಡುವ ಕೆಲಸ ನನಗೆ ಬಿತ್ತು. ಚಿಕ್ಕಮ್ಮನಿಗೆ 'ಗುಡ್' ಮತ್ತು 'ವೆಲ್' ಬಗೆಹರಿಯುತ್ತಿರಲಿಲ್ಲ. ವಸ್ತುವಿನ ಗುಣಕ್ಕೆ ಗುಡ್, ಕೆಲಸ ಮಾಡುವ ರೀತಿಗೆ ವೆಲ್ ಎಂದು ನಾನು ವಿವರಿಸುವುದು, ಅವರು ತಲೆಯಾಡಿಸುವುದು, ಮಾರನೆಯ ದಿನ ಮತ್ತೆ 'ಷಿ ಸಿಂಗ್ಸ್ ಗುಡ್' ಎಂದು ಬರೆಯುವುದು. ವಿವರಣೆಯಲ್ಲೇ ನನಗೆ ನಂಬಿಕೆ ಹೋಯಿತು. ತಲೆಯಾಡಿಸಿದವರಿಗೆಲ್ಲ ಅರ್ಥವಾಗಿದೆ ಎನ್ನಲು ಏನು ಆಧಾರ?

ಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ ಪರವೋ ವಿರುದ್ಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ನಂಬದ ಪಕ್ಷವನ್ನೂ ನಂಬಿದವನಂತೆ ಸಾಧಿಸಬೇಕು. ಒಂದು ಸಂಜೆ ಚಿಕ್ಕಮ್ಮ ಅವರೆಕಾಯಿ ಸುಲಿಯುತ್ತಿದ್ದಾಗ ಅದೇ ಆಟ ಹೂಡಿದೆ. 'ಗುಡ್' ಒಂದೇ ಸಾಕು, 'ವೆಲ್' ಬರೀ ದಂಡ ಎಂದೆ. ನೆನ್ನೆ ನೀನೇ ಬೇರೆ ಹೇಳಿದೆಯಲ್ಲ ಎಂದರು. ಇವತ್ತು ನಾನು ಎದುರು ಪಕ್ಷ, ಸೋಲಿಸಿ ನೋಡೋಣ ಎಂದೆ.

ಸುಲಿಯುವ ಕೈ ನಿಂತಿತು.

"ಹಂಗಾರೆ ನಮ್ಮಲ್ಲೂ ಒಂದೇ ಸಾಕೇನೋ? ಒಳ್ಳೆ ಹಾಡು ಅಂತೀವಿ, ಸರಿ. ಒಳ್ಳೆ ಹಾಡ್ತಾಳೆ ಅಂದ್ರೆ ಯಾರಾರ ಒಪ್ತಾರಾ? ಚೆಂದಾಗಿ ಹಾಡ್ತಾಳೆ ಅನ್ಬೇಕು."

ಜನ ಅನ್ನುವುದೆಲ್ಲ ಸರಿಯಾದರೆ ಗ್ರಹಣದ ಹೊತ್ತು ಉಣ್ಣಬಾರದು ಎನ್ನುವುದೂ ಸರಿಯೇ ಎಂದು ಕೆಣಕಿದೆ. ಗ್ರಹಣದ ಮಾತು ಬೇರೆ ಇಟ್ಟುಕೋ ಎಂದು ಅಡುಗೆ, ಹೊಲಿಗೆ, ಪಕ್ಕದ ಮನೆಯ ಸೊಸೆಯ ರಂಗೋಲಿ, ಎಲ್ಲವನ್ನೂ ಸಾಕ್ಷಿಗೆ ಎಳೆದರು. ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ಲೆಕ್ಕ ಎಂದೆ. ತಪ್ಪಿಲ್ಲದೆ ಹೇಳಿದರು. ಅಲ್ಲಿಂದ ದಿನಾ ಸಂಜೆ ನಮಗೆ ಜಗಳವೇ ಪಾಠ.

ಹೀಗೇ ಒಮ್ಮೆ ನನ್ನ ಮೊಂಡುವಾದಕ್ಕೆ ಚಿಕ್ಕಮ್ಮನಿಗೆ ಉತ್ತರ ತೋಚದೆ ಹೋಯಿತು. ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಚಿಕ್ಕಪ್ಪ ಎದ್ದು ಒಳಗೆ ಬಂದರು. ಗಲಾಟೆ ಸಾಕು ಎನ್ನುತ್ತಾರೆಂದುಕೊಂಡೆವು.

"ಏನ್ಲಾ ನಿಂದು? ಒಳ್ಳೆ ಎತ್ತು ಅಂತೀವಿ. ಎತ್ತು ಒಳ್ಳೆ ಉಳ್ತದೆ ಅಂತೀವಾ? ಅವಳು ಹೇಳೋದೇ ಸರಿ ಕಣ್ಲಾ."

ತೀರ್ಪುಗಾರರು ಪಕ್ಷ ಸೇರುವಂತಿಲ್ಲ ಎಂದು ಆಕ್ಷೇಪಿಸಿದೆ. ಯಾರೂ ಕಿವಿಗೊಡಲಿಲ್ಲ. ಚಿಕ್ಕಮ್ಮ ಮೆಲ್ಲಗೆ, ಈ ಸಲವೂ ಫೇಲಾದರೆ ಎಂದು ಕೇಳಿದರು.

"ಆದ್ರೆ ಆಯ್ತು ಬುಡು. ಇನ್ನೊಂದು ಸಲ ಕಟ್ಟು. ಇಂಥವನ ತಾವ ಏಗ್ತಿದ್ದೀಯ, ಆ ಪರೀಕ್ಷೆ ಯಾವ ಮಹಾ."

ಚಿಕ್ಕಮ್ಮ ಆ ಸಲವೇ ಪಾಸಾದರು. ಅದು ನನ್ನ ಸುಳ್ಳು ವಾದದಿಂದಲೇ ಎಂದು ಸಾಧಿಸಲಾರೆ. ಅವರು ಟ್ರೈನಿಂಗಿಗೆಂದು ಮೈಸೂರಿನ ರೈಲಿಗೆ ಹೊರಟಾಗ ನೆರೆಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಮುಂದೆ ನಡೆದವರು ಚಿಕ್ಕಪ್ಪ.